ಹತಾರದ ಪೆಟ್ಟಿಗೆ ಕೊಳ್ಳುವ ಮುನ್ನ: ಮನೆಗೂ ತೋಟಕ್ಕೂ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ಮನೆಯ ಹಿಂದೆ ಹತ್ತಡಿ ಅಗಲ, ಹದಿನಾಲ್ಕಡಿ ಉದ್ದದ ಒಂದು ಶೆಡ್ ಇದೆ. ಪಂಪ್‌ಸೆಟ್, ಪವರ್ ಟಿಲ್ಲರ್, ಕಳೆ ಕೊಚ್ಚುವ ಯಂತ್ರ, ಔಷಧಿ ಹೊಡೆಯುವ ಪಂಪು, ಎಲ್ಲದರ ರಿಪೇರಿ ಅಲ್ಲಿಯೇ. ಇಪ್ಪತ್ತು ವರ್ಷಗಳಲ್ಲಿ ನಾಲ್ಕು ಪೆಟ್ಟಿಗೆ ಬದಲಾಯಿಸಿದ್ದೇನೆ; ಅವುಗಳಲ್ಲಿ ಎರಡು ಶುದ್ಧ ದಂಡ. ನೆಂಟರು, ನೆರೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಆಗಿರುವುದರಿಂದ ಒಮ್ಮೆ ಬರೆದಿಟ್ಟುಬಿಡೋಣ ಎನಿಸಿತು. ಬಯಲುಸೀಮೆಯವರು ತುಕ್ಕಿನ ಮಾತನ್ನು ಸ್ವಲ್ಪ ಸಡಿಲಿಸಿ, ಧೂಳಿನ ಮಾತನ್ನು ಸ್ವಲ್ಪ ಬಿಗಿ ಮಾಡಿಕೊಂಡು ಓದಿಕೊಳ್ಳಬಹುದು.

ಮೊದಲು ಏನನ್ನು ನೋಡಬೇಕು? ಅಳತೆಯನ್ನೋ, ಬೆಲೆಯನ್ನೋ, ಕಂಪನಿಯನ್ನೋ?

ಮೂರನ್ನೂ ಅಲ್ಲ, ನಿಮ್ಮಲ್ಲಿ ಈಗಾಗಲೇ ಇರುವ ಹತಾರಗಳನ್ನು. ಪೆಟ್ಟಿಗೆ ತಂದು ಆಮೇಲೆ ಅದಕ್ಕೆ ಹತಾರ ಹೊಂದಿಸುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಒಂದು ಭಾನುವಾರ ಅಂಗಳದಲ್ಲಿ ಟಾರ್ಪಾಲು ಹಾಸಿ ಎಲ್ಲವನ್ನೂ ತಂದು ಸುರಿಯಿರಿ. ಮಾಡಿನ ಸಂದಿಗೆ ಸಿಕ್ಕಿಸಿಟ್ಟ ಸ್ಕ್ರೂಡ್ರೈವರ್, ಬೈಕಿನ ಸೀಟಿನಡಿಯ ಪಾನಾ, ಅಡುಗೆಮನೆಗೆ ಹೋದದ್ದು ವಾಪಸು ಬಾರದ ಸುತ್ತಿಗೆ, ಎಲ್ಲವೂ ಬರಲಿ. ನಂತರ ಮೂರು ರಾಶಿ ಮಾಡಿ: ವಾರಕ್ಕೊಮ್ಮೆಯಾದರೂ ಕೈಗೆ ಬರುವುದು, ತಿಂಗಳಿಗೊಮ್ಮೆ ಬರುವುದು, ವರ್ಷಕ್ಕೊಮ್ಮೆ ಬರುವುದು. ಮೊದಲ ರಾಶಿ ನೀವು ಅಂದುಕೊಂಡದ್ದಕ್ಕಿಂತ ತೀರ ಚಿಕ್ಕದಾಗಿರುತ್ತದೆ. ನನ್ನದು ಒಂದು ಮೊರದಲ್ಲಿ ಹಿಡಿಸುವಷ್ಟಿತ್ತು.

ಇನ್ನು ಎರಡು ಅಳತೆ ತೆಗೆಯಿರಿ. ಅತಿ ಉದ್ದದ ಹತಾರ ಎಷ್ಟು ಉದ್ದ? ಎಲ್ಲ ಸೇರಿ ಎಷ್ಟು ತೂಕ? ಅಡಿಕೆ ತೂಗುವ ತಕ್ಕಡಿಯಲ್ಲೇ ಇಟ್ಟು ನೋಡಿದೆ, 38 ಕಿಲೋ ಬಂತು. ಉದ್ದದಲ್ಲಿ 18 ಇಂಚಿನ ಪೈಪ್ ರೆಂಚ್ ಗೆದ್ದಿತು. ಮೊದಲ ಪೆಟ್ಟಿಗೆಯ ಮೇಲೆಯೂ 18 ಇಂಚು ಎಂದೇ ಬರೆದಿತ್ತು, ಆದರೆ ಅದು ಹೊರ ಅಳತೆ. ಒಳಗೆ ಹದಿನೇಳೂ ಚಿಲ್ಲರೆ. ರೆಂಚ್ ಹತ್ತು ವರ್ಷ ಪೆಟ್ಟಿಗೆಯ ಹೊರಗೇ ಬಿದ್ದುಕೊಂಡಿತ್ತು.

ಅಂಗಡಿಯಲ್ಲಿ ಎಷ್ಟು ಬಗೆ ಸಿಗುತ್ತವೆ?

ಹೆಸರು ಹಲವು, ಬಗೆ ನಾಲ್ಕೈದೇ. ಹಿಡಿ ಇರುವ ಪ್ಲಾಸ್ಟಿಕ್ ಡಬ್ಬ. ಮುಚ್ಚಳ ಎರಡು ಕಡೆಗೆ ಬಿಚ್ಚಿದರೆ ತಟ್ಟೆಗಳು ಮೆಟ್ಟಿಲಿನಂತೆ ಹೊರಚಾಚುವ ತಗಡಿನ ಪೆಟ್ಟಿಗೆ. ಮೆಕ್ಯಾನಿಕ್‌ಗಳ ಕೈಯಲ್ಲಿ ಸಾಮಾನ್ಯವಾಗಿ ಕಾಣುವುದು ಇದು, 3 ಅಥವಾ 5 ಅರೆಗಳದ್ದು. ಟ್ರಂಕು. ಗಾಲಿಯ ಮೇಲೆ ನಿಂತ ಡ್ರಾಯರ್ ಕಪಾಟು. ಕೊನೆಗೆ ಬಡಗಿಯ ಮರದ ಪೆಟ್ಟಿಗೆ.

ನನ್ನ ಅಭಿಪ್ರಾಯ ಕೇಳುವುದಾದರೆ, ತೋಟದವನಿಗೆ ಒಂದರಿಂದ ಆಗುವುದಿಲ್ಲ. ಪಂಪು ಇರುವುದು ಹೊಳೆಯ ದಡದಲ್ಲಿ, ಕಪಾಟು ಇರುವುದು ಮನೆಯ ಹಿಂದೆ. ಕಪಾಟನ್ನು ಹೊತ್ತು ಹೊಳೆಗೆ ಹೋಗಲಾಗದು. ಆದ್ದರಿಂದ ಮೇಲೆ ಹೇಳಿದ ಮೊದಲ ರಾಶಿಗೆ 5 ಅರೆಯ ಕೈಪೆಟ್ಟಿಗೆ, ಉಳಿದದ್ದಕ್ಕೆ ಶೆಡ್ಡಿನಲ್ಲಿ ನಿಲ್ಲುವ ಕಪಾಟು ಅಥವಾ ಟ್ರಂಕು. ಹಣ ಒಂದಕ್ಕೇ ಇದ್ದರೆ ಕೈಪೆಟ್ಟಿಗೆಯನ್ನೇ ಮೊದಲು ಕೊಳ್ಳಿ.

ನಾವು ಬೆಂಗಳೂರಿನ ಫ್ಲ್ಯಾಟಿನಲ್ಲಿದ್ದೇವೆ. ನಮಗೆ ಎಂಥದ್ದು ಸಾಕು?

ಪ್ಲಾಸ್ಟಿಕ್ ಡಬ್ಬವೇ ಸಾಕು. ಸುತ್ತಿಗೆ, ಇಕ್ಕಳ, ನಾಲ್ಕು ಸ್ಕ್ರೂಡ್ರೈವರ್, ಟೆಸ್ಟರ್, ಅಳತೆಯ ಟೇಪು, ಒಂದು ಡ್ರಿಲ್. ಕೊಳ್ಳುವಾಗ ಮುಚ್ಚಳದ ಕೊಂಡಿ ನೋಡಿ. ಪ್ಲಾಸ್ಟಿಕ್ ಕೊಂಡಿ ಬಿಸಿಲಿಗೆ ಒಣಗಿ ಒಂದು ದಿನ ಚಟಕ್ಕನೆ ಮುರಿಯುತ್ತದೆ, ಅದೂ ಪೆಟ್ಟಿಗೆ ನಿಮ್ಮ ಕೈಯಲ್ಲಿ ನೇತಾಡುತ್ತಿರುವಾಗ. ಲೋಹದ ಕೊಂಡಿಯದ್ದು ಸಿಕ್ಕರೆ ಅದನ್ನೇ ಆರಿಸಿ, ಬಾಲ್ಕನಿಯಲ್ಲಿ ಇಡಬೇಡಿ.

ಮನೆಯಲ್ಲಿ ಹಳೆಯ ಟ್ರಂಕು ಇದೆ. ಅದೇ ಆಗುವುದಿಲ್ಲವೆ?

ಆಗುತ್ತದೆ, ಆದರೆ ಯಾವುದಕ್ಕೆ ಎನ್ನುವುದು ಮುಖ್ಯ. ಟ್ರಂಕಿನ ತೊಂದರೆ ಅದರ ಆಳ. ನಿಮಗೆ ಬೇಕಾದದ್ದು ಯಾವಾಗಲೂ ಅಡಿಯಲ್ಲೇ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ಮೂರು ಫೇಸ್ ಕರೆಂಟು ಬಂದಿದೆ, ಪಂಪಿನ ಗ್ಲ್ಯಾಂಡ್ ಸೋರುತ್ತಿದೆ, ಬಾಯಿಯಲ್ಲಿ ಟಾರ್ಚು ಕಚ್ಚಿಕೊಂಡು ಟ್ರಂಕಿನೊಳಗೆ ಮೊಣಕೈವರೆಗೆ ಕೈ ಹಾಕಿ 12ರ ಪಾನಾ ಹುಡುಕುವಾಗ ಬೆರಳಿಗೆ ಮೊದಲು ಸಿಗುವುದು ಗರಗಸದ ಹಲ್ಲು. ಈ ಅನುಭವ ಒಮ್ಮೆ ಆದವನು ಡ್ರಾಯರಿಗೆ ಹಣ ಕೊಡಲು ಹಿಂಜರಿಯುವುದಿಲ್ಲ.

ದೊಡ್ಡ ಸಾಮಾನಿಗೆ ಮಾತ್ರ ಟ್ರಂಕಿಗೆ ಸಮನಾದದ್ದಿಲ್ಲ: ಚೈನ್ ಪುಲ್ಲಿ, ಪೈಪ್ ರೆಂಚ್, ಜಾಕ್, ವೆಲ್ಡಿಂಗ್ ಕೇಬಲ್. ಒಳಗಡೆ ಅಂಚಿಗೆ ಎರಡು ಮರದ ರೀಪು ಹೊಡೆದು ಅದರ ಮೇಲೆ ಹಿಂದೆಮುಂದೆ ಜಾರುವ ಒಂದು ಮರದ ತಟ್ಟೆ ಕೂರಿಸಿದರೆ ಅರ್ಧ ಕಷ್ಟ ಕಳೆಯಿತು.

ತಗಡಿನ ದಪ್ಪವನ್ನು ಅಂಗಡಿಯಲ್ಲಿ ನಿಂತು ಹೇಗೆ ತಿಳಿಯುವುದು?

ಎಲ್ಲ ಅಂಗಡಿಯವರೂ ‘ಹೆವಿ ಗೇಜ್’ ಎನ್ನುತ್ತಾರೆ. ಗೇಜಿನ ಲೆಕ್ಕ ತಲೆಕೆಳಗು: ಸಂಖ್ಯೆ ಏರಿದಷ್ಟು ತಗಡು ತೆಳು. ನಮ್ಮಲ್ಲಿ ನಡೆಯುವ ಲೆಕ್ಕದಲ್ಲಿ 18 ಗೇಜ್ ಎಂದರೆ ಸುಮಾರು 1.2 ಮಿಲಿಮೀಟರ್, 20 ಎಂದರೆ 0.9, 22 ಎಂದರೆ 0.7, 24 ಎಂದರೆ 0.56. ಕೈಪೆಟ್ಟಿಗೆಗೆ 22 ಸಾಲುತ್ತದೆ. ನಿಲ್ಲುವ ಕಪಾಟಿನ ಮೈಗೆ 20, ಅದರ ತಳಕ್ಕೆ 18 ಇದ್ದರೆ ನೆಮ್ಮದಿ.

ಬಣ್ಣ ಬಳಿದ ಮೇಲೆ ಅಂಚಿನಲ್ಲಿ ದಪ್ಪ ಅಳೆಯುವುದು ಕಷ್ಟ, ಏಕೆಂದರೆ ಅಂಚನ್ನು ಮಡಿಸಿರುತ್ತಾರೆ. ಎರಡು ಪದರ ನೋಡಿ ನಾವು ಮೋಸ ಹೋಗುತ್ತೇವೆ. ಸುಲಭದ ಉಪಾಯ ತಕ್ಕಡಿ. ಒಂದು ಚದರ ಮೀಟರ್ ಅಗಲದ, 1 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು 7.85 ಕಿಲೋ ತೂಗುತ್ತದೆ. 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ಪೆಟ್ಟಿಗೆಗೆ ಆರು ಮೈ ಸೇರಿ ಎರಡು ಚದರ ಮೀಟರಿಗಿಂತ ಚೂರು ಹೆಚ್ಚು ತಗಡು ಬೇಕು. 20 ಗೇಜಿನದ್ದಾದರೆ ಬರೀ ತಗಡೇ ಹದಿನಾಲ್ಕೂವರೆ ಕಿಲೋ ಬರಬೇಕು. 24ರದ್ದಾದರೆ ಒಂಬತ್ತಕ್ಕೇ ನಿಲ್ಲುತ್ತದೆ. ಮಾತಿನಲ್ಲಿ 20, ತೂಕದಲ್ಲಿ 24 ಆಗಿದ್ದರೆ ಅಂಗಡಿಯವನಿಗೆ ನಮಸ್ಕಾರ ಹೇಳಿ ಹೊರಡಿ. ಒಮ್ಮೆ ಹೀಗೆ ಲೆಕ್ಕ ಹಾಕಿ ತೋರಿಸಿದ್ದಕ್ಕೆ ಅಂಗಡಿಯ ಮಾಲೀಕರು ‘ನೀವು ಮೇಷ್ಟ್ರೇ?’ ಎಂದು ಕೇಳಿದರು.

ತಕ್ಕಡಿ ಇಲ್ಲದಿದ್ದರೆ ಹೆಬ್ಬೆರಳು. ಪಕ್ಕದ ಮೈಯ ನಡುಮಧ್ಯೆ ಒತ್ತಿ ನೋಡಿ. ಎಣ್ಣೆ ಡಬ್ಬದಂತೆ ‘ಟೊಕ್’ ಎಂದು ಒಳಗೆ ಹೋಗಿ ಹೊರಗೆ ಬಂದರೆ ಆ ತಗಡು ಭಾರ ಹೊರುವುದಿಲ್ಲ.

ಡ್ರಾಯರ್ ಹೆಚ್ಚು ಇದ್ದಷ್ಟು ಒಳ್ಳೆಯದೆ?

ಸಂಖ್ಯೆಗಿಂತ ಆಳ ಮುಖ್ಯ. ಪಾನಾ, ಸಾಕೆಟ್, ಸ್ಕ್ರೂಡ್ರೈವರ್‌ಗಳಿಗೆ ಎರಡು ಇಂಚು ಆಳ ಸಾಕು, ಹೆಚ್ಚಾದರೆ ಒಂದರ ಮೇಲೊಂದು ಬೀಳುತ್ತವೆ, ಮತ್ತೆ ಅದೇ ಟ್ರಂಕಿನ ಕಥೆ. ಸುತ್ತಿಗೆ, ಡ್ರಿಲ್, ಗ್ರೈಂಡರ್‌ಗೆ ಆರು ಇಂಚು ಬೇಕು. ಆದ್ದರಿಂದ ಮೇಲೆ ಮೂರು ತೆಳು ಡ್ರಾಯರ್, ಕೆಳಗೆ ಎರಡು ಆಳದ್ದು ಎಂಬ ಜೋಡಣೆ ನನಗೆ ಒಗ್ಗಿದೆ. ಏಳೂ ಡ್ರಾಯರ್ ಒಂದೇ ಆಳದ್ದಾಗಿದ್ದರೆ ಅದು ಕಚೇರಿಯ ಕಡತಕ್ಕೆ ಮಾಡಿದ್ದು, ಬಣ್ಣ ಮಾತ್ರ ಕೆಂಪು.

ಇನ್ನು ಡ್ರಾಯರ್ ಜಾರುವ ಹಳಿ. ಅಗ್ಗದವುಗಳಲ್ಲಿ ತಗಡಿನ ಮೇಲೆ ತಗಡು ಉಜ್ಜುತ್ತದೆ. ಹೊಸದರಲ್ಲಿ ಪರವಾಗಿಲ್ಲ, ಹತಾರ ತುಂಬಿ ಒಂದು ಮಳೆಗಾಲ ಕಳೆದ ಮೇಲೆ ಎಳೆಯಲು ಇಬ್ಬರು ಬೇಕು. ಒಳ್ಳೆಯದರಲ್ಲಿ ಉಕ್ಕಿನ ಗುಂಡುಗಳ ಮೇಲೆ ಓಡುವ ಟೆಲಿಸ್ಕೋಪಿಕ್ ಚಾನೆಲ್ ಇರುತ್ತದೆ. ಅಡುಗೆಮನೆಯ ಡ್ರಾಯರಿಗೆ ಹಾಕುವುದೂ ಇದನ್ನೇ. ಸಾಮಾನ್ಯವಾಗಿ ಒಂದು ಜೊತೆಗೆ 35 ಅಥವಾ 45 ಕಿಲೋ ಎಂದು ಬರೆದಿರುತ್ತದೆ. ಅದು ಹೊರೆ ಡ್ರಾಯರಿನ ತುಂಬ ಸಮನಾಗಿ ಹರಡಿದಾಗಿನ ಲೆಕ್ಕ. ಮುಂದಿನ ತುದಿಗೆ ಮಾತ್ರ ಭಾರ ಪೇರಿಸಿದರೆ ಅಷ್ಟು ತಾಳುವುದಿಲ್ಲ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಡ್ರಾಯರನ್ನು ಪೂರ್ತಿ ಎಳೆದು ಹಿಡಿ ಹಿಡಿದು ಎಡಕ್ಕೂ ಬಲಕ್ಕೂ ಅಲುಗಾಡಿಸಿ. ಸ್ವಲ್ಪ ಆಡುವುದು ಸಹಜ, ಗಡಗಡ ಎನ್ನಬಾರದು. ಆಮೇಲೆ ಹಿಂದಿನ ಮೂಲೆ ಕಣ್ಣಿಗೆ ಬೀಳುತ್ತದೆಯೇ ನೋಡಿ. ಮುಕ್ಕಾಲು ಭಾಗ ಮಾತ್ರ ಹೊರಬರುವ ಡ್ರಾಯರಿನ ಹಿಂದಿನ ಕಾಲು ಭಾಗದಲ್ಲಿ ಇಟ್ಟದ್ದು ಕಳೆದುಹೋದ ಹಾಗೆಯೇ ಲೆಕ್ಕ.

ಕಪಾಟು ಮುಂದಕ್ಕೆ ಮಗುಚುತ್ತದೆ ಎನ್ನುತ್ತಾರೆ, ನಿಜವೇ?

ನಿಜ. ನನ್ನ ಮೂರನೆಯ ಪೆಟ್ಟಿಗೆ ಹಾಗೆಯೇ ನನ್ನ ಮೇಲೆ ಬಾಗಿತು. ಕಾರ್ಬ್ಯುರೇಟರ್ ಬಿಚ್ಚಿ ಕೂತಿದ್ದೆ. ಮೇಲಿನ ಡ್ರಾಯರ್ ಎಳೆದಿದ್ದೆ, ಅದನ್ನು ಮುಚ್ಚದೆ ಎರಡನೆಯದನ್ನು ಎಳೆದೆ, ಇಕ್ಕಳಕ್ಕಾಗಿ ಮೂರನೆಯದನ್ನೂ. ಹಿಂದಿನ ಗಾಲಿ ನೆಲ ಬಿಟ್ಟದ್ದು ಗೊತ್ತಾದದ್ದು ಸಾಕೆಟ್‌ಗಳೆಲ್ಲ ಒಟ್ಟಿಗೆ ಮುಂದಕ್ಕೆ ಉರುಳಿದ ಸದ್ದಿನಿಂದ. ಮೊಣಕಾಲು ಕೊಟ್ಟು ತಡೆದೆ. ಒಂದು ವಾರ ಕುಂಟಿದೆ.

ಆದ್ದರಿಂದ ಭಾರದ ಹತಾರ ಯಾವಾಗಲೂ ಕೆಳಗಿನ ಡ್ರಾಯರಿಗೆ. ಒಂದು ಡ್ರಾಯರ್ ತೆರೆದಿದ್ದರೆ ಉಳಿದವು ತೆರೆಯದಂತೆ ತಡೆಯುವ ಏರ್ಪಾಡು ಕೆಲವು ಕಪಾಟುಗಳಲ್ಲಿ ಇರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಅಂಥದ್ದಕ್ಕೇ ಹೋಗಿ. ಅದಿಲ್ಲದಿದ್ದರೆ ಹಿಂಬದಿಯನ್ನು ಎರಡು ಆಂಕರ್ ಬೋಲ್ಟಿನಿಂದ ಗೋಡೆಗೆ ಬಿಗಿಯಿರಿ. ಮಕ್ಕಳಿಗೆ ಡ್ರಾಯರ್ ಎಂದರೆ ಏಣಿ.

ಗಾಲಿ ಬೇಕೇ?

ಸಿಮೆಂಟು ನೆಲವಿದ್ದರೆ ಮಾತ್ರ. ಮಣ್ಣು ನೆಲದಲ್ಲಿ, ಕಲ್ಲುಚಪ್ಪಡಿಯ ಸಂದುಗಳಲ್ಲಿ ಗಾಲಿ ಇರುವುದು ಶೋಭೆಗೆ. ಗಾಲಿಯ ಸಾಮರ್ಥ್ಯ ನೋಡುವಾಗ ಒಟ್ಟು ತೂಕವನ್ನು ನಾಲ್ಕರಿಂದಲ್ಲ, ಮೂರರಿಂದ ಭಾಗಿಸಿ. ಏರುತಗ್ಗಿನ ನೆಲದ ಮೇಲೆ ನಾಲ್ಕನೆಯ ಗಾಲಿ ಗಾಳಿಯಲ್ಲೇ ಇರುತ್ತದೆ. ಹತಾರ 38, ಕಪಾಟು 52 ಎಂದರೆ 90 ಕಿಲೋ. ಒಂದೊಂದು ಗಾಲಿ ಕನಿಷ್ಠ 30 ಹೊರಬೇಕು. ಎರಡು ನೇರ ಗಾಲಿ, ಎರಡು ತಿರುಗುವ ಗಾಲಿ, ತಿರುಗುವವಕ್ಕೆ ಬ್ರೇಕು. ನಾಲ್ಕೂ ತಿರುಗುವಂಥದ್ದಾದರೆ ಅದು ಹಟಮಾರಿ ಹೋರಿಯಂತೆ ಹೇಳಿದ ಕಡೆಗೆ ಹೋಗುವುದಿಲ್ಲ.

ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಹತಾರವೂ ತುಕ್ಕು ಹಿಡಿಯುತ್ತದೆ. ಏನು ಮಾಡುವುದು?

ನಮ್ಮ ಕಡೆಯ ಎಲ್ಲರ ದೂರು ಇದು. ನಮ್ಮದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ; ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಸು ಬರುತ್ತದೆ. ಗಾಳಿಯ ತೇವ ಶೇಕಡ 60 ದಾಟಿದ ಮೇಲೆ ಕಬ್ಬಿಣ ಬೇಗ ಬೇಗ ತುಕ್ಕು ಹಿಡಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ 60ಕ್ಕೆ ಇಳಿಯುವ ದಿನವೇ ಅಪರೂಪ.

ಹನಿ ಬೀಳದಿದ್ದರೂ ತುಕ್ಕು ಏಕೆ? ರಾತ್ರಿ ತಣಿದ ಕಬ್ಬಿಣಕ್ಕೆ ಬೆಳಗಿನ ಬೆಚ್ಚನೆಯ ತೇವದ ಗಾಳಿ ತಾಗಿದಾಗ ಅದರ ಮೈ ಬೆವರುತ್ತದೆ, ಫ್ರಿಜ್ಜಿನಿಂದ ತೆಗೆದ ಚೊಂಬಿನ ಹಾಗೆ. ತಗಡಿನ ಮಾಡಿನ ಒಳಮೈಯೂ ಹೀಗೆಯೇ ಬೆವೆತು ಹನಿಯುತ್ತದೆ. ಆದ್ದರಿಂದ ಪೆಟ್ಟಿಗೆಗೆ ರಕ್ಷಣೆ ಒಳಗಿನಿಂದ ಮಾತ್ರವಲ್ಲ, ಜಾಗದಿಂದಲೂ ಶುರುವಾಗಬೇಕು: ನೆಲದಿಂದ ನಾಲ್ಕು ಇಂಚು ಮೇಲೆ, ಗೋಡೆಯಿಂದ ಒಂದು ಗೇಣು ದೂರ, ಮಾಡಿನ ಹನಿ ಬೀಳದ ಕಡೆ.

ಒಳಗೆ ಹಾಸುವ ವಸ್ತುವಿನ ಬಗ್ಗೆ ಒಂದು ಎಚ್ಚರಿಕೆ. ಚೆಂದ ಕಾಣಲಿ ಎಂದು ಡ್ರಾಯರಿಗೆ ಹಾಸಿಗೆಯ ಸ್ಪಂಜು ಕತ್ತರಿಸಿ ಹಾಸಿದ್ದೆ. ಸೆಪ್ಟೆಂಬರ್‌ನಲ್ಲಿ ಎತ್ತಿ ನೋಡಿದರೆ ಪ್ರತಿ ಪಾನಾದ ಆಕಾರವೂ ಸ್ಪಂಜಿನ ಮೇಲೆ ಕೆಂಪಗೆ ಮೂಡಿತ್ತು. ಸ್ಪಂಜು, ಗೋಣಿ, ಹಳೆಯ ಕಂಬಳಿ ಎಲ್ಲವೂ ನೀರು ಹಿಡಿದಿಟ್ಟುಕೊಳ್ಳುತ್ತವೆ. ತೆಳುವಾದ ರಬ್ಬರ್ ಹಾಳೆ ಹಾಸಿ, ಇಲ್ಲವೇ ಬರಿದೇ ಬಿಡಿ.

ಸಿಲಿಕಾ ಜೆಲ್ ಕೆಲಸ ಮಾಡುತ್ತದೆ, ಪೆಟ್ಟಿಗೆ ಬಿಗಿಯಾಗಿ ಮುಚ್ಚಿದ್ದರೆ ಮಾತ್ರ. ದಿನಕ್ಕೆ ಹತ್ತು ಸಲ ತೆರೆಯುವ ಡ್ರಾಯರಿನಲ್ಲಿ ಅದು ಮೂರೇ ದಿನಕ್ಕೆ ಹೊಟ್ಟೆ ತುಂಬಿಸಿಕೊಂಡು ಸುಮ್ಮನಾಗುತ್ತದೆ. ನೀಲಿ ಹರಳು ಗುಲಾಬಿಗೆ ತಿರುಗಿದರೆ 120 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಒಂದೆರಡು ಗಂಟೆ ಒಣಗಿಸಿ ಮತ್ತೆ ಬಳಸಬಹುದು. ಆದರೆ ಆ ನೀಲಿ ಬರುವುದು ಕೋಬಾಲ್ಟ್ ಕ್ಲೋರೈಡಿನಿಂದ, ಅದು ವಿಷ. ಅಡುಗೆ ಪಾತ್ರೆಯಲ್ಲಿ ಹುರಿಯಬೇಡಿ.

ಎಣ್ಣೆ? ಹೌದು, ತೆಳುವಾಗಿ. ಬಟ್ಟೆಗೆ ಎರಡು ಹನಿ ಹೊಸ ಎಂಜಿನ್ ಆಯಿಲ್ ಹಾಕಿ ಒರೆಸಿದರೆ ಸಾಕು. ಟಿಲ್ಲರಿನಿಂದ ಇಳಿಸಿದ ಕಪ್ಪು ಎಣ್ಣೆ ಬೇಡ. ಅದರಲ್ಲಿ ಆಮ್ಲವೂ ಇರುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ. ಅಗಸೆ ಎಣ್ಣೆ ಒಣಗಿ ಅಂಟಾಗುತ್ತದೆ. ಡಬ್ಲ್ಯುಡಿ-40ರ ಹೆಸರೇ ನೀರನ್ನು ಅತ್ತ ಸರಿಸುವುದು ಎಂಬ ಅರ್ಥದ್ದು, ಆ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ. ಒದ್ದೆಯಾದ ಹತಾರವನ್ನು ಒಣಗಿಸಲು ಅದು ಸರಿ, ಆದರೆ ಪದರ ತೀರ ತೆಳುವಾದ್ದರಿಂದ ಇಡೀ ಮಳೆಗಾಲಕ್ಕೆ ಅದನ್ನೇ ನಂಬಿ ಕೂರಬೇಡಿ.

ನನ್ನ ಕಪಾಟಿನ ತಳದಲ್ಲಿ 15 ವಾಟಿನ ಹಳೆಯ ಕಾಲದ ತಂತಿಯ ಬಲ್ಬು ಒಂದು ಜಾಲರಿಯ ಗೂಡಿನಲ್ಲಿ ಜುಲೈ, ಆಗಸ್ಟ್ ಪೂರ್ತಿ ಉರಿಯುತ್ತದೆ. ಒಳಗಿನ ಗಾಳಿ ಹೊರಗಿನದಕ್ಕಿಂತ ನಾಲ್ಕು ಡಿಗ್ರಿ ಬೆಚ್ಚಗಿದ್ದರೆ ಹತಾರ ಬೆವರುವುದಿಲ್ಲ. ಎಲ್‌ಇಡಿ ಹಾಕಿದರೆ ಆಗದು, ನಮಗೆ ಬೇಕಾದದ್ದು ಬೆಳಕಲ್ಲ, ಅದರ ಸೆಕೆ. ಪೆಟ್ರೋಲ್ ತಾಗಿದ ಚಿಂದಿ ಬಟ್ಟೆ ಆ ಕಪಾಟಿನ ಹತ್ತಿರವೂ ಸುಳಿಯಬಾರದು.

ಔಷಧಿ, ಗೊಬ್ಬರವನ್ನೂ ಅದೇ ಪೆಟ್ಟಿಗೆಯ ಕೆಳಗಿನ ಅರೆಯಲ್ಲಿ ಇಡಬಹುದೆ?

ಬೇಡವೇ ಬೇಡ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವವರಿಗೆಲ್ಲ ಚಾಕುವಿನ ಪರೀಕ್ಷೆ ಗೊತ್ತು. 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟು), 1 ಕಿಲೋ ಸುಣ್ಣ, 100 ಲೀಟರ್ ನೀರು ಸೇರಿಸಿ, ಉಜ್ಜಿದ ಚಾಕುವನ್ನು ಅದ್ದಿ ತೆಗೆದರೆ ಅಲಗಿನ ಮೇಲೆ ಕೆಂಪು ಕೂತಿದೆಯೇ ನೋಡುತ್ತೇವೆ. ಕೂತಿದ್ದರೆ ಸುಣ್ಣ ಸಾಲದು ಎಂದು ಅರ್ಥ. ಆ ಕೆಂಪು ತಾಮ್ರ. ತಾಮ್ರ ಅಲ್ಲಿ ಕೂರಬೇಕಾದರೆ ಅಷ್ಟೇ ಕಬ್ಬಿಣ ಕರಗಿ ಜಾಗ ಬಿಟ್ಟುಕೊಟ್ಟಿರುತ್ತದೆ. ಬಕೆಟ್ಟಿನಲ್ಲಿ ನಡೆಯುವುದೇ ಪೆಟ್ಟಿಗೆಯಲ್ಲೂ ನಡೆಯುತ್ತದೆ: ಮೈಲುತುತ್ತದ ಪುಡಿ ಬಿದ್ದ ಕಡೆ ತೇವ ತಗುಲಿದರೆ ತಗಡು ತೂತಾಗುತ್ತದೆ. ಪೊಟ್ಯಾಷ್ ಗೊಬ್ಬರವೂ ಉಪ್ಪಿನ ಜಾತಿಯದ್ದೇ, ನೀರು ಎಳೆದುಕೊಂಡು ಕಬ್ಬಿಣ ತಿನ್ನುತ್ತದೆ. ಔಷಧಿ ಹೊಡೆಯುವ ಗಟಾರ್ ಪಂಪು ಬಿಚ್ಚಿದ ಪಾನಾಗಳನ್ನು ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಒರೆಸಿಯೇ ಒಳಗಿಡಿ. ಪೆಟ್ರೋಲ್, ಥಿನ್ನರ್, ಕೀಟನಾಶಕಕ್ಕೆ ಬೇರೆಯೇ ಬೀಗದ ಜಾಗ ಇರಲಿ.

ಹತಾರಗಳ ಜೊತೆಗೇ ಬರುವ ಪೆಟ್ಟಿಗೆ ಲಾಭವೆ?

ನೂರೆಂಟು ತುಂಡುಗಳ ಸೆಟ್ ಎಂದು ಮಾರುತ್ತಾರೆ. ಬಿಚ್ಚಿ ಎಣಿಸಿದರೆ ಅರ್ಧಕ್ಕರ್ಧ ಸ್ಕ್ರೂಡ್ರೈವರ್ ತುದಿಗಳು. ಒಂದೊಂದು ಹತಾರಕ್ಕೂ ಅಚ್ಚು ಹೊಡೆದ ಗುಂಡಿ ಇರುವುದರಿಂದ ನಾಳೆ ನೀವು ಕೊಂಡ ಒಂದು ಇಕ್ಕಳಕ್ಕೂ ಅಲ್ಲಿ ಜಾಗವಿಲ್ಲ. ಖಾಲಿ ಪೆಟ್ಟಿಗೆ ಕೊಂಡು, ಎಂಟು ಪಾನಾಗಳ ಒಂದು ಒಳ್ಳೆಯ ಸೆಟ್ಟಿನಿಂದ ಆರಂಭಿಸಿ: ಒಂದೊಂದು ಪಾನಾದ ಎರಡು ತುದಿಗೆ ಎರಡು ಮಿಲಿಮೀಟರ್ ಅಳತೆ, 6-7ರಿಂದ ಹಿಡಿದು 20-22ರವರೆಗೆ ಬರುತ್ತದೆ.

12 ಮತ್ತು 13 ಎರಡೂ ಏಕೆ ಬೇಕು ಎಂದು ಹೊಸಬರು ಕೇಳುವುದುಂಟು. 8 ಮಿಲಿಮೀಟರ್ ಬೋಲ್ಟಿನ ತಲೆ ಜಪಾನಿ ಕ್ರಮದಲ್ಲಿ 12, ಯುರೋಪಿನ ಕ್ರಮದಲ್ಲಿ 13. 10ರ ಬೋಲ್ಟಿಗೆ ಜಪಾನಿನದು 14, ಹಳೆಯ ಜರ್ಮನ್ ಕ್ರಮದಲ್ಲಿ 17. ಜಪಾನಿ ಮೂಲದ ಟಿಲ್ಲರ್, ಬೈಕುಗಳಿಗೆ 10, 12, 14 ಸದಾ ಬೇಕು. ಹಳೆಯ ಟ್ರ್ಯಾಕ್ಟರ್ ಇದ್ದವರಿಗೆ ಇಂಚಿನ ಪಾನಾಗಳೂ ಬೇಕಾಗಬಹುದು. ಅವಕ್ಕೆ ಬೇರೆಯೇ ಡ್ರಾಯರ್ ಕೊಡಿ. ಅರ್ಧ ಇಂಚಿನ ಪಾನಾ 13ರ ಬೋಲ್ಟ್ ತಲೆಯ ಮೇಲೆ ಕೂರದು, ಆದರೆ 13ರ ಪಾನಾ ಅರ್ಧ ಇಂಚಿನ ಬೋಲ್ಟ್ ತಲೆಯ ಮೇಲೆ ಕೂತಂತೆ ಮಾಡಿ ಅದರ ಮೂಲೆ ಸವೆಸುತ್ತದೆ.

ಮರದ ಪೆಟ್ಟಿಗೆಯ ಕಾಲ ಮುಗಿಯಿತೆ?

ಉಳಿ, ಉಜ್ಜುಗೊರಡು, ಬೈರಿಗೆ ಇಟ್ಟುಕೊಳ್ಳುವವರಿಗೆ ಈಗಲೂ ಮರದ್ದೇ ಮೇಲು. ಅಲಗು ತಗಡಿಗೆ ತಾಗಿ ಮೊಂಡಾಗುವುದಿಲ್ಲ, ಮರ ತಗಡಿನ ಹಾಗೆ ಬೆವರುವುದೂ ಇಲ್ಲ. ನಮ್ಮ ಅಜ್ಜನ ಹಲಸಿನ ಪೆಟ್ಟಿಗೆ ಇನ್ನೂ ಗಟ್ಟಿಯಾಗಿದೆ; ಮುಚ್ಚಳದ ಒಳಮೈಯಲ್ಲಿ ಗರಗಸ ಸಿಕ್ಕಿಸಲು ಕೊರೆದ ಸಂದಿನಲ್ಲಿ ಅದೇ ಗರಗಸ ಇದೆ. ಒಂದೇ ಭಯ ಒರಲೆಯದ್ದು. ನಾಲ್ಕು ಕಾಲಿನ ಕೆಳಗೂ ಕಲ್ಲು ಕೊಟ್ಟು, ಗೋಡೆಗೆ ತಾಗಿಸದೆ ಇಟ್ಟರೆ ಒರಲೆಯ ಮಣ್ಣಿನ ದಾರಿ ಕಣ್ಣಿಗೆ ಬೀಳುತ್ತದೆ, ಒರೆಸಿಬಿಡಬಹುದು. ಪ್ಲೈವುಡ್‌ನಲ್ಲಿ ಮಾಡಿಸುವುದಾದರೆ ನೀರು ತಡೆಯುವ ದರ್ಜೆಯದ್ದನ್ನೇ ಕೇಳಿ.

ಇಲಿ, ಹುಳದ ಕಾಟಕ್ಕೆ ಏನು?

ಪೆನ್ಸಿಲ್ ತೂರುವಷ್ಟು ಸಂದು ಸಿಕ್ಕರೆ ಸಾಕು, ಸುಂಡಿಲಿಯ ಮರಿ ಒಳಗೆ ಬರುತ್ತದೆ. ಕಪಾಟಿನ ಹಿಂಬದಿಯಲ್ಲಿ ವಯರಿಗೆಂದು ಬಿಟ್ಟ ತೂತನ್ನು ಎಲ್ಲರೂ ಮರೆಯುತ್ತಾರೆ. ಜಾಲರಿ ಹಾಕಿ ಮುಚ್ಚಿ. ಇಲಿಯ ಮೂತ್ರ ಬಿದ್ದ ಕಡೆ ಕ್ರೋಮಿಯಂ ಲೇಪವೂ ಉಳಿಯುವುದಿಲ್ಲ. ಕುಂಬಾರ ಹುಳದ್ದು ಇನ್ನೊಂದು ತಮಾಷೆ. ಬೇಸಿಗೆಯಲ್ಲಿ ಹದಿನೈದು ದಿನ ಶೆಡ್ಡಿಗೆ ಹೋಗದಿದ್ದರೆ ಬೀಗದ ಕಿಂಡಿ, ಸಾಕೆಟ್‌ನ ಬಾಯಿ, ಪೈಪಿನ ತುದಿ, ಸಿಕ್ಕಿದ್ದಕ್ಕೆಲ್ಲ ಮಣ್ಣು ಮೆತ್ತಿ ಮನೆ ಕಟ್ಟಿರುತ್ತದೆ. ಬೀಗಕ್ಕೆ ಮುಚ್ಚಳ ಇರುವಂಥದ್ದು ಕೊಂಡರೆ ಆಯಿತು.

ಊರಿನ ವೆಲ್ಡಿಂಗ್ ಶಾಪಿನಲ್ಲೇ ಮಾಡಿಸಿದರೆ?

ನನ್ನ ನಾಲ್ಕನೆಯ ಪೆಟ್ಟಿಗೆ, ಈಗ ಇರುವುದು, ಅಲ್ಲಿಯೇ ಮಾಡಿಸಿದ್ದು. ಅಳತೆ ನಮ್ಮದು, ತಗಡು ನಾವೇ ನೋಡಿ ಆರಿಸಿದ್ದು. ಚೌಕಟ್ಟಿಗೆ ಒಂದು ಇಂಚಿನ ಚೌಕ ಪೈಪು, ಮೈಗೆ 20 ಗೇಜಿನ ಸಿಆರ್ (ಕೋಲ್ಡ್ ರೋಲ್ಡ್, ಅಂದರೆ ಬಿಸಿ ಮಾಡದೆ ಉರುಳೆಯಲ್ಲಿ ಒತ್ತಿದ ಉಕ್ಕಿನ) ಶೀಟ್. ಎರಡು ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಡ್ರಾಯರ್ ಹಳಿ ಕೂರಿಸುವಾಗ ಎರಡೂ ಕಡೆ ಸಮಮಟ್ಟ ಇರಬೇಕು. ಒಂದು ಮಿಲಿಮೀಟರ್ ತಪ್ಪಿದರೂ ಡ್ರಾಯರ್ ಬಿಗಿಯುತ್ತದೆ, ಆದ್ದರಿಂದ ಹಳಿಯನ್ನು ವೆಲ್ಡ್ ಮಾಡಿಸದೆ ಸ್ಕ್ರೂ ಹಾಕಿಸಿ, ತೂತು ಉದ್ದವಾಗಿರಲಿ, ಆಮೇಲೆ ಸರಿಪಡಿಸಿಕೊಳ್ಳಬಹುದು. ಎರಡನೆಯದು ಬಣ್ಣ. ತುಕ್ಕು ಉಜ್ಜಿ, ಎಣ್ಣೆ ತೊಳೆದು, ಪ್ರೈಮರ್ ಕೊಟ್ಟು, ಅದು ಒಣಗಿದ ಮೇಲೆ ಬಣ್ಣ. ‘ಸಂಜೆಗೇ ಕೊಡುತ್ತೇನೆ’ ಎಂದರೆ ಪ್ರೈಮರ್ ಇಲ್ಲ ಎಂದು ತಿಳಿಯಿರಿ. ಪೌಡರ್ ಕೋಟಿಂಗ್ ಸಿಗುವ ಪೇಟೆ ಹತ್ತಿರವಿದ್ದರೆ ಅದಕ್ಕೆ ಕೊಡುವ ಹಣ ದಂಡವಲ್ಲ.

ಹಳೆಯದನ್ನು ಕೊಳ್ಳಬಹುದೆ?

ಧಾರಾಳವಾಗಿ. ಮುಚ್ಚಿದ ಕಾರ್ಖಾನೆಗಳ ಕಪಾಟುಗಳು ಗುಜರಿಗೆ ಬರುತ್ತವೆ, ಇಂದಿನ ಹೊಸದಕ್ಕಿಂತ ದಪ್ಪ ತಗಡಿನವು. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಕಡೆ ಹೋಗುವವರು ಕಣ್ಣು ತೆರೆದಿಟ್ಟುಕೊಳ್ಳಿ. ಅಯಸ್ಕಾಂತ ಒಂದನ್ನು ಜೇಬಿನಲ್ಲಿ ಒಯ್ಯಿರಿ. ಕಾರಿನ ಪುಟ್ಟಿ ಮೆತ್ತಿ ಬಣ್ಣ ಬಳಿದ ಕಡೆ ಅದು ಅಂಟುವುದಿಲ್ಲ. ತಳದ ಮೂಲೆಗಳನ್ನು ಮೊದಲು ನೋಡಿ, ತುಕ್ಕು ಅಲ್ಲಿಂದಲೇ ಏರುವುದು.

ಬ್ಯಾಟರಿಯ ಡ್ರಿಲ್ ಇದೇ ಕಪಾಟಿನಲ್ಲಿ ಇಡಬಹುದೆ?

ಡ್ರಿಲ್ ಇಡಿ, ಬ್ಯಾಟರಿ ಮನೆಯೊಳಗೆ ಇರಲಿ. ಏಪ್ರಿಲ್‌ನ ಮಧ್ಯಾಹ್ನ ತಗಡಿನ ಮಾಡಿನ ಕೆಳಗಿನ ತಗಡಿನ ಪೆಟ್ಟಿಗೆ ಒಲೆಯೇ ಸರಿ, ಲಿಥಿಯಂ ಬ್ಯಾಟರಿಗೆ ಆ ಬಿಸಿ ಆಗದು. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ ಇಡಿ. ಟಾರ್ಚು, ಮೀಟರ್‌ಗಳ ಸೆಲ್ಲುಗಳನ್ನೂ ತೆಗೆದಿಡಿ.

ಸರ್ಕಾರದಿಂದ ನೆರವು ಸಿಗುತ್ತದೆಯೆ?

ಕುಶಲಕರ್ಮಿಗಳಾಗಿದ್ದರೆ ಸಿಗಬಹುದು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ, ಬೀಗ ಮಾಡುವವರು ಸೇರಿದಂತೆ 18 ಕಸುಬಿನವರಿಗೆ ಹತಾರ ಕೊಳ್ಳಲು 15,000 ರೂಪಾಯಿವರೆಗೆ ನೆರವು ಇದೆ. ತೋಟದವನು ತನ್ನ ಟಿಲ್ಲರ್ ತಾನೇ ಬಿಚ್ಚಿಕೊಳ್ಳುತ್ತಾನೆ ಎಂಬುದು ಆ 18ರಲ್ಲಿ ಇಲ್ಲ.

ಬೀಗ ಹಾಕಿದರೂ ಹತಾರ ಕಡಿಮೆಯಾಗುತ್ತಿದೆ. ಕಳ್ಳರ ಕಾಟವೆ?

ಕಳ್ಳರಿಗಿಂತ ನೆಂಟರದ್ದೇ ಹೆಚ್ಚು. ‘ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ’ ಎಂಬ ಗಾದೆ ಹುಟ್ಟಿದ್ದೇ ಯಾವುದೋ ಪೈಪ್ ರೆಂಚಿನ ವಿಷಯದಲ್ಲಿ ಇರಬೇಕು. ಕೊಡುವುದಿಲ್ಲ ಎನ್ನಲು ಹಳ್ಳಿಯಲ್ಲಿ ಆಗುವುದಿಲ್ಲ. ಕಪಾಟಿನ ಬಾಗಿಲಿಗೆ ಒಂದು ಸ್ಲೇಟು ತೂಗುಹಾಕಿದ್ದೇನೆ. ಒಯ್ಯುವವರೇ ಹೆಸರು, ಹತಾರ, ದಿನ ಬರೆಯಬೇಕು. ಅದರ ಜೊತೆಗೆ ಪ್ರತಿ ಡ್ರಾಯರಿನ ತಳದಲ್ಲಿ ಹತಾರದ ಆಕಾರವನ್ನು ಬಿಳಿ ಬಣ್ಣದಲ್ಲಿ ಬರೆದಿದ್ದೇನೆ. ಸಂಜೆ ಮುಚ್ಚುವಾಗ ಖಾಲಿ ಆಕಾರ ತಾನಾಗಿ ಕಣ್ಣಿಗೆ ಹೊಡೆಯುತ್ತದೆ. ಹಿಡಿಗಳಿಗೆ ಹಳದಿ ಪಟ್ಟಿ ಬಳಿದದ್ದರಿಂದ ಪಕ್ಕದ ಮನೆಯ ಜಗಲಿಯಲ್ಲಿದ್ದರೂ ನನ್ನದು ನನಗೆ ಗೊತ್ತಾಗುತ್ತದೆ.

ಬೀಗ ಎಂಥದ್ದು ಇರಬೇಕು, ಕೀ ಎಲ್ಲಿಡಬೇಕು?

ಡ್ರಾಯರ್ ಕಪಾಟುಗಳಿಗೆ ಬರುವ ಪುಟ್ಟ ಬೀಗಗಳನ್ನು ನೆಚ್ಚಬೇಡಿ. ಒಂದು ಪೆಟ್ಟಿಗೆಯ ಕೀ ಮತ್ತೊಂದಕ್ಕೆ ಹೊಂದುವುದು ಸಾಮಾನ್ಯ. ಅಂಗಡಿಯಲ್ಲೇ ಪಕ್ಕದ ಪೆಟ್ಟಿಗೆಯ ಕೀ ಹಾಕಿ ನೋಡಿದರೆ ಗೊತ್ತಾಗುತ್ತದೆ. ಪ್ರತ್ಯೇಕ ಬೀಗಕ್ಕೆ ಕೊಂಡಿ ಇರುವಂಥದ್ದು ಒಳ್ಳೆಯದು, ಕೊಂಡಿಯ ಬೋಲ್ಟಿನ ತಲೆ ಹೊರಗಿರದೆ ಒಳಗಿರಬೇಕು. ಕೀಯ ಮೇಲೆ ಕೊರೆದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕೀಯನ್ನು ಬಾಗಿಲ ಮೇಲಿನ ಮೊಳೆಗೆ ನೇತುಹಾಕುವುದು ಊರಿಗೆಲ್ಲ ಗೊತ್ತಿರುವ ಗುಟ್ಟು. ನಮ್ಮದನ್ನು ಎಲ್ಲಿಡುತ್ತೇವೆ ಎಂದು ಮನೆಯವಳಿಗೆ ಮಾತ್ರ ಗೊತ್ತು. ಮೊನ್ನೆ ಅವಳು ತವರಿಗೆ ಹೋಗಿದ್ದಾಗ ಕೀ ಸಿಗದೆ ಪಕ್ಕದ ಮನೆಯಿಂದ ಪಾನಾ ಇಸಕೊಂಡು ಬಂದೆ.